ಬೆಲ್ಜಿಯಂ ಹಳದಿ ಸಾಣೆಕಲ್ಲು: ನಾಲ್ಕು ಮಳೆಗಾಲ ಬಳಸಿದ ಮೇಲೆ

ನಾನಿರೋದು ಸಕಲೇಶಪುರ. ವಾರಕ್ಕೆ ನಾಲ್ಕು ಸಲ ಗಡ್ಡ ಮಾಡ್ಕೊಳೋದು ಸ್ಟ್ರೇಟ್ ರೇಜರಲ್ಲಿ, ಜರ್ಮನಿಯ ಜೊಲಿಂಗೆನ್ ಊರಲ್ಲಿ ಮಾಡಿದ ಹಳೇ ಕತ್ತಿ. ಅದನ್ನ ಮಸೆಯಕ್ಕೆ ಅಂತ ಕೊಟಿಕ್ಯೂಲ್ ಅನ್ನೋ ಈ ಹಳದಿ ಕಲ್ಲು ತರಿಸ್ಕೊಂಡು ನಾಲ್ಕು ಮಳೆಗಾಲ ಆಯ್ತು. ಉದ್ದ ಅಗಲ ತೂಕ ಎಲ್ಲಾ ಮಾರೋರೇ ಹಾಕಿರ್ತಾರೆ, ಅದನ್ನ ಬಿಡ್ತೀನಿ. ಮೊದಲ ಐದು ತಿಂಗಳು ಈ ಕಲ್ಲು ನನ್ನ ಯಾಕಷ್ಟು ಗೋಳು ಹುಯ್ಕೊಂಡ್ತು, ಆಮೇಲೆ ಯಾಕೆ ಬಿಟ್ಟಿರಕ್ಕಾಗದಂಗಾಯ್ತು, ಅದನ್ನ ಬರೀಬೇಕು ಅನ್ನಿಸ್ತು.

ತಪ್ಪು ಶುರುವಾಗಿದ್ದು ಒಂದು ನಂಬರಿಂದ. ಮಾರಿದವರು "8000 ಗ್ರಿಟ್" ಅಂತ ಹಾಕಿದ್ರು, ಗ್ರಿಟ್ ಅಂದ್ರೆ ಕಲ್ಲು ಎಷ್ಟು ನಯ ಅಂತ ಹೇಳೋ ನಂಬರ್, ನಾನು ನಂಬಿದೆ. ಕಾರ್ಖಾನೇಲಿ ಮಾಡೋ ಕಲ್ಲಿಗೆ ನಂಬರ್ ಸರಿ, ಅಲ್ಲಿ ಪುಡಿನ ಒಂದೇ ಸೈಜಿಗೆ ಬೇರೆ ಮಾಡಿ ಅಂಟಿಸಿರ್ತಾರೆ. ಇದು ಬೆಲ್ಜಿಯಂನ ಆರ್ಡೆನ್ಸ್ ಸೀಮೆಲಿ, ವಿಯೆಲ್ಸಾಲ್ಮ್ ಸುತ್ತಮುತ್ತ, ನೆಲದೊಳಗಿನ ತೆಳು ಪದರದಿಂದ ಕಿತ್ತ ಕಲ್ಲು. ಒಳಗಿರೋದು ಸಣ್ಣ ಸಣ್ಣ ಗಾರ್ನೆಟ್ ಹರಳು. ಮೇಲೆ ನೀರು ಹಾಕಿ ಉಜ್ಜಿ ಕಲ್ಲಿನದೇ ಕೆಸರು ಮಾಡ್ಕೊಂಡು ಮಸೆದ್ರೆ ಉಕ್ಕನ್ನ ಬೇಗ ತಿನ್ನುತ್ತೆ, ಬರೀ ನೀರಲ್ಲಿ ಮಸೆದ್ರೆ ನಯ ಮಾಡುತ್ತೆ. ಒಂದೇ ಕಲ್ಲು, ನೀರು ಎಷ್ಟಿದೆ ಅನ್ನೋದರ ಮೇಲೆ ಬೇರೆ ಬೇರೆ ಕೆಲಸ, ಅದಕ್ಕೆ ಯಾವ ನಂಬರ್ ಹಾಕ್ತೀರ ಹೇಳಿ. ನಾನು ನಂಬರ್ ನೋಡಿ ಕಾರ್ಖಾನೆ ಕಲ್ಲಿನ ತರಾನೇ ಬಳಸಿದೆ, ಜೊತೆಗೆ ಬಂದಿದ್ದ ಸಣ್ಣ ಕಲ್ಲಲ್ಲಿ ಉಜ್ಜಿ ಗಟ್ಟಿ ಕೆಸರು ಮಾಡ್ಕೊಂಡು ಮೊದಲಿಂದ ಕೊನೆವರೆಗೂ ಅದರಲ್ಲೇ ಮಸೆಯೋದು. ಕೈ ಮೇಲಿನ ಕೂದಲು ಹೋಗ್ತಿತ್ತು, ಆದ್ರೆ ಕೆನ್ನೆಗೆ ಇಟ್ರೆ ಉರಿ, ಗಲ್ಲದ ಹತ್ರ ಎಳೆಯೋದು, ಕುತ್ತಿಗೆ ತುಂಬ ಕೆಂಪು ಚುಕ್ಕೆ. ಕಸ್ಟಮ್ಸ್ ಎಲ್ಲಾ ಸೇರಿ 19,000 ಚಿಲ್ಲರೆ ಕೊಟ್ಟಿದ್ದೆ, ಆ ದುಡ್ಡಿಗೆ ಮನೇಲಿ ಒಂದು ಫ್ರಿಜ್ ಬರ್ತಿತ್ತು, ಹೊಟ್ಟೆ ಉರಿದೋಯ್ತು.

ಆ ಟೈಮಲ್ಲಿ ಒಬ್ಬ ಫ್ರೆಂಡ್ ಕೇಳಿದ, ಅಲ್ಲೆಲ್ಲಿಂದಲೋ ಯಾಕೆ ತರಿಸ್ತೀಯ, ಬೇಲೂರು ಹಳೇಬೀಡಿನ ಕಲ್ಲು ನಮ್ಮ ಹತ್ರಾನೇ ಇದ್ಯಲ್ಲ ಅಂತ. ಆಗಲ್ಲ. ಅದು ಬಳಪದ ಕಲ್ಲು, ಮೆತ್ತಗಿದೆ ಅನ್ನೋ ಕಾರಣಕ್ಕೇ ಅಲ್ಲಿ ಒಡವೆ ಸರದ ಒಂದೊಂದು ಮಣಿನೂ ಬಿಡಿಬಿಡಿಯಾಗಿ ಕೆತ್ತಕ್ಕಾಯ್ತು. ಉಳಿ ಕಲ್ಲನ್ನ ತಿನ್ನುತ್ತೆ, ನಮಗೆ ಬೇಕಿರೋದು ಕಬ್ಬಿಣನ ತಿನ್ನೋ ಕಲ್ಲು. ಗಾರ್ನೆಟ್ ಕತ್ತಿ ಉಕ್ಕಿಗಿಂತ ಗಟ್ಟಿ, ಬಳಪ ಉಗುರಲ್ಲಿ ಕೆರೆದ್ರೂ ಬರುತ್ತೆ.

ನನ್ನ ಕಣ್ಣು ತೆರೆಸಿದ್ದು ಹಾಸನದಲ್ಲಿ ನನಗೆ ಈ ಕತ್ತಿ ಕೊಟ್ಟ ತಾತ. ನಲವತ್ತು ವರ್ಷ ಕ್ಷೌರದ ಅಂಗಡಿ ಇಟ್ಟಿದ್ದವರು, ಎಲ್ಲಾ ಕಡೆ ಅರ್ಧ ಬ್ಲೇಡ್ ಹಾಕೋ ಕತ್ತಿ ಬಂದ್ಮೇಲೆ ಹಳೇದನ್ನೆಲ್ಲ ಎತ್ತಿಟ್ಟುಬಿಟ್ಟಿದ್ರು. ಕಲ್ಲು ತಗೊಂಡು ಅವರ ಮನೆಗೇ ಹೋದೆ, ಜಗಲಿ ಮೇಲೆ ಕೂತು ಮಸೆದು ತೋರಿಸಿದೆ. ಸ್ವಲ್ಪ ಹೊತ್ತು ಸುಮ್ನೆ ನೋಡಿದ್ರು. "ಕೆಸರು ನಿನ್ ಕತ್ತಿ ಬಾಯಿ ತಿಂತಾ ಐತೆ ಕಣಪ್ಪ, ನೀರು ಬಿಡು" ಅಂದ್ರು. ಎಷ್ಟು ಬಿಡ್ಲಿ ತಾತ ಅಂದ್ರೆ ಪಕ್ಕದಲ್ಲಿದ್ದ ಚೊಂಬಲ್ಲಿ ಬೆರಳು ಅದ್ದಿ ಎರಡೇ ಎರಡು ಹನಿ ಬಿಟ್ರು. "ಹತ್ತು ಸಲ ಎಳಿ. ಆಮೇಲೆ ಇನ್ನೆರಡು." ಈ ಹಳದಿ ಕಲ್ಲನ್ನ ಅವರು ಅವತ್ತೇ ಮೊದಲು ನೋಡಿದ್ದು. ವಿಷಯ ಇಷ್ಟೇ, ಗಟ್ಟಿ ಕೆಸರಲ್ಲಿ ಕತ್ತಿ ಬಾಯಿ ಆ ಹರಳಿಗೇ ಹೋಗಿ ಹೋಗಿ ಗುದ್ದುತ್ತೆ, ಒಂದು ಮಟ್ಟಕ್ಕಿಂತ ಚೂಪಾಗಕ್ಕೆ ಬಿಡಲ್ಲ. ಕೆಸರು ತೆಳು ಆಗ್ತಾ ಆಗ್ತಾ ಹೊಡೆತ ಕಮ್ಮಿ ಆಗುತ್ತೆ.

ಈಗ ಭಾನುವಾರ ಬೆಳಗ್ಗೆ ಕಾಫಿ ಕುಡಿದು ಹಿಂದಿನ ಜಗಲಿಲಿ ಕೂರ್ತೀನಿ. ಕಲ್ಲು ನೆನೆಹಾಕೋದು ಬೇಡ, ಮೇಲೆ ನೀರು ಚಿಮುಕಿಸಿದ್ರೆ ಸಾಕು. ಸಣ್ಣ ಕಲ್ಲಲ್ಲಿ ಉಜ್ಜಿದ್ರೆ ಅರ್ಧ ನಿಮಿಷಕ್ಕೆ ಮಜ್ಜಿಗೆ ತರ ಬಿಳಿ ಕೆಸರು ಬರುತ್ತೆ. ಕತ್ತಿ ಬೆನ್ನು, ಬಾಯಿ ಎರಡೂ ಕಲ್ಲಿಗೆ ತಾಗಿರಬೇಕು, ಬೆನ್ನು ಎತ್ತಿದ್ರೆ ಕೆಟ್ಟೋಯ್ತು. ಒತ್ತಬಾರದು. ಹತ್ತು ಹದಿನೈದು ಸಲ ಎಳೆಯೋದ್ರೊಳಗೆ ಬಿಳಿ ಕೆಸರು ಬೂದಿ ಬಣ್ಣಕ್ಕೆ ತಿರುಗುತ್ತೆ, ಅದೇ ಉಕ್ಕು ಸವೀತಿರೋದು. ಇಲ್ಲಿ ನಿಲ್ಲಿಸಿ ಕತ್ತಿ ಬಾಯಿಯ ಬುಡದಿಂದ ಕೊನೆವರೆಗೂ ಎಲ್ಲಾ ಕಡೆಯಿಂದ ಕೈ ಮೇಲಿನ ಕೂದಲು ಹೋಗ್ತಿದ್ಯಾ ನೋಡಿ, ಹೋಗ್ತಿಲ್ಲ ಅಂದ್ರೆ ಮುಂದೆ ಹೋಗಲೇಬೇಡಿ, ಇನ್ನೊಂದು ಸಲ ಕೆಸರು ಮಾಡಿ. ಹೋಗ್ತಿದೆ ಅಂದ್ರೆ ತಾತನ ಎರಡು ಹನಿ ಶುರು. ಮಜ್ಜಿಗೆ ನೀರು ಮಜ್ಜಿಗೆ ಆಗುತ್ತೆ, ಆಮೇಲೆ ಅಕ್ಕಿ ತೊಳೆದ ನೀರು, ಆಮೇಲೆ ಬರೀ ನೀರು. ಕೊನೆಗೆ ಕಲ್ಲು ತೊಳೆದು ನೀರಲ್ಲೇ ಐವತ್ತು ಸಲ. ಆಗ ಸದ್ದೇ ಬದಲಾಗುತ್ತೆ, ಸರ ಸರ ಅಂತಿದ್ದಿದ್ದು ಸುಮ್ನಾಗುತ್ತೆ, ಕತ್ತಿ ಕಲ್ಲಿಗೆ ಅಂಟ್ಕೊಂಡಂಗೆ ಹಿಡಿಯುತ್ತೆ. ನನಗೆ ಈ ಕಲ್ಲಿನ ಪೂರ್ತಿ ದುಡ್ಡು ವಾಪಸ್ ಬರೋದು ಆ ಕ್ಷಣದಲ್ಲಿ. ಆಮೇಲೆ ತೊಗಲು ಪಟ್ಟಿ ಮೇಲೆ ಅರವತ್ತು ಸಲ, ಅಲ್ಲಿ ಬೆನ್ನು ಮುಂದೆ, ಬಾಯಿ ಹಿಂದೆ. ಆ ಗಡ್ಡದ ನುಣುಪು ಬೇರೆ ಯಾವ ಬ್ಲೇಡಲ್ಲೂ ನನಗೆ ಸಿಕ್ಕಿಲ್ಲ, ಕುತ್ತಿಗೆ ಉರಿ ಅನ್ನೋದೇ ಮರೆತೋಗಿದೆ.

ಇನ್ನು ನೋಡ್ಕೊಳೋದು. ಕಲ್ಲು ಸಪಾಟಾಗಿರಬೇಕು. ನಂದು ಬಂದಾಗಲೇ ಒಂದು ಮೂಲೆ ಎತ್ತರ ಇತ್ತು, ಕಣ್ಣಿಗೆ ಕಾಣ್ತಿರಲಿಲ್ಲ. ಪೆನ್ಸಿಲಲ್ಲಿ ಚೌಕುಳಿ ಗೆರೆ ಹಾಕಿ, ದಪ್ಪ ಗಾಜಿನ ಮೇಲೆ 400 ನಂಬರ್ ವಾಟರ್ ಪೇಪರ್ ಇಟ್ಟು, ನೀರು ಹಾಕಿ ಉಜ್ಜಿ, ಗೆರೆ ಎಲ್ಲಾ ಕಡೆ ಒಂದೇ ಸಮ ಅಳಿಸೋವರೆಗೂ. ಅಂಚುಗಳನ್ನೂ ಸ್ವಲ್ಪ ಮೊಂಡು ಮಾಡ್ಕೊಳಿ, ಇಲ್ಲಾಂದ್ರೆ ಕತ್ತಿಗೆ ತಾಗಿ ಹಲ್ಲು ಬೀಳುತ್ತೆ. ಉಜ್ಜಿದ್ಮೇಲೆ ಚೆನ್ನಾಗಿ ತೊಳೀರಿ, ಪೇಪರಿನ ಒಂದು ಹರಳು ಉಳ್ಕೊಂಡ್ರೂ ಮಾಡಿದ ಕೆಲಸ ಎಲ್ಲಾ ಹಾಳು. ವರ್ಷಕ್ಕೊಂದ್ಸಲ ಮಾಡಿದ್ರೆ ನನ್ನ ಬಳಕೆಗೆ ಸಾಕು.

ಒಂದು ದೂರು ಇನ್ನೂ ಇದೆ. ಹಳದಿ ಪದರ ತೆಳು ಅಂತ ಹಿಂದೆ ಸ್ಲೇಟ್ ಅಂಟಿಸಿರ್ತಾರಲ್ಲ, ಎರಡನೇ ಮಳೆಗಾಲದಲ್ಲಿ ನನ್ನದರ ಅಂಟು ಒಂದು ಕಡೆ ಬಿಡ್ತು. ಹಸಿ ಕಲ್ಲನ್ನ ಪ್ಲಾಸ್ಟಿಕ್ ಡಬ್ಬಿಲಿ ಮುಚ್ಚಿಟ್ಟಿದ್ದು ನನ್ನ ತಪ್ಪು ಇರಬಹುದು, ಆದ್ರೂ ಇಷ್ಟು ದುಡ್ಡಿನ ಕಲ್ಲಿಗೆ ಹಂಗಾಗಬಾರದಿತ್ತು, ಮಾರಿದವರು ಒಂದು ಉತ್ತರಾನೂ ಕೊಡಲಿಲ್ಲ. ಎರಡು ಟ್ಯೂಬಿನ ಎಪಾಕ್ಸಿ ಹಾಕಿ ನಾನೇ ಕೂರಿಸಿದೆ, ಗಟ್ಟಿಯಾಗಿದೆ. ಈಗ ಜೂನಿಂದ ಸೆಪ್ಟೆಂಬರ್‌ವರೆಗೆ ಒರೆಸಿ, ಹತ್ತಿ ಬಟ್ಟೆ ಮೇಲೆ ಗಾಳಿಗೆ ನಿಲ್ಲಿಸಿರ್ತೀನಿ. ಕತ್ತಿಗೂ ಆ ತಿಂಗಳುಗಳಲ್ಲಿ ಹೊಲಿಗೆ ಮಷಿನ್ ಎಣ್ಣೆ ಒಂದು ಹನಿ ಸವರಿಟ್ಟಿರ್ತೀನಿ, ಮಸೆಯೋ ಮುಂಚೆ ಒರೆಸ್ತೀನಿ, ಯಾಕಂದ್ರೆ ಈ ಕಲ್ಲಿಗೆ ನಾನು ನೀರು ಬಿಟ್ಟು ಏನೂ ಹಾಕಲ್ಲ.

ಹೊಸದಾಗಿ ತಗೊಳೋರು ನನ್ನ ತರ ಚೌಕದ ದೊಡ್ಡ ಕಲ್ಲಿಗೆ ಹೋಗಬೇಡಿ. ಬೌಟ್ ಅಂತ ಹುಡುಕಿ, ಕತ್ತರಿಸುವಾಗ ಉಳಿಯೋ ಅಂಕುಡೊಂಕು ತುಂಡು, ಕಲ್ಲು ಅದೇ, ಬೆಲೆ ಎಷ್ಟೋ ಕಮ್ಮಿ. ಅಂಗೈಲಿ ಹಿಡ್ಕೊಂಡು ಮಸೆಯಕ್ಕೂ ಆರಾಮ. ಜಪಾನ್ ಕ್ಯೋಟೋ ಕಡೆ ಕಲ್ಲು, ಜರ್ಮನಿಯ ಹಳೇ ಎಷರ್ ಕಲ್ಲು ಅಂತ ಆಸೆ ಹುಟ್ಟುತ್ತೆ, ನನಗೂ ಹುಟ್ಟಿತ್ತು. ಆ ಗಣಿಗಳು ಬಹಳಷ್ಟು ಮುಚ್ಚಿವೆ, ಹಳೇ ಮಾಲಿಗೆ ಬಾಯಿಗೆ ಬಂದ ರೇಟು. ಒಂದು ಕತ್ತಿ, ಒಂದು ಗಡ್ಡ ಇರೋರಿಗೆ ಈ ಹಳದಿ ತುಂಡು, ಒಂದು ಚೊಂಬು ನೀರು ಸಾಕು.