ಕಾಸಾ ಅಮಟ್ಲೆರ್: ಗೌಡಿಯ ನೆರೆಮನೆಯ ಒಳಹೊರಗು

ಬಾರ್ಸಿಲೋನಾದ ಪಸೇಚ್ ದೆ ಗ್ರಾಸಿಯಾ ಬೀದಿಗೆ ಬರುವವರ ಕಣ್ಣು ವಾಸ್ತುಶಿಲ್ಪಿ ಗೌಡಿಯ ಕಾಸಾ ಬಾಟ್ಯೊ ಮೇಲೆಯೇ ನೆಡುತ್ತದೆ. ಅದಕ್ಕೆ ಗೋಡೆ ತಾಗಿಸಿ ನಿಂತಿರುವ 41ನೇ ಸಂಖ್ಯೆಯ ಮನೆ ಕಾಸಾ ಅಮಟ್ಲೆರ್ ಅನ್ನು ಹೆಚ್ಚಿನವರು ನೋಡಿಯೂ ನೋಡದಂತೆ ದಾಟುತ್ತಾರೆ. ಎರಡರಲ್ಲಿ ಒಂದಕ್ಕೇ ಸಮಯವಿದ್ದರೆ ನಾನು ಈ ಎರಡನೆಯದನ್ನೇ ಆರಿಸಿಕೊಳ್ಳುತ್ತೇನೆ, ಏಕೆಂದರೆ ಇಲ್ಲಿ ವಾಸ್ತುಶಿಲ್ಪಿಯ ಪ್ರತಿಭೆಯ ಜೊತೆಗೆ ಮನೆಯೊಡೆಯನ ಸ್ವಭಾವವೂ ಕಲ್ಲಿನಲ್ಲಿ ಮೂಡಿದೆ.

ಬಾರ್ಸಿಲೋನಾ ಇರುವ ಸ್ಪೇನಿನ ಕತಲೂನ್ಯ ಪ್ರಾಂತ್ಯದಲ್ಲಿ 1900ರ ಆಸುಪಾಸಿನಲ್ಲಿ ಅರಳಿದ ಈ ವಾಸ್ತುಶೈಲಿಯ ‘ಮಾಡರ್ನಿಸ್ಮೆ’ ಎಂಬ ಹೆಸರು ಕೇಳಿ ಅಲಂಕಾರವಿಲ್ಲದ ಕಾಂಕ್ರೀಟು, ಗಾಜುಗಳ ಕಟ್ಟಡವನ್ನು ಕಲ್ಪಿಸಿಕೊಂಡು ಹೋದವರು ಬೆರಗಾಗುವುದು ಖಂಡಿತ. 1797ರಲ್ಲಿ ಆರಂಭವಾದ ಚಾಕೊಲೇಟ್ ಉದ್ಯಮದ ವಾರಸುದಾರ ಆಂಟೋನಿ ಅಮಟ್ಲೆರ್ 1875ರ ಸಾಧಾರಣ ಕಟ್ಟಡವೊಂದನ್ನು ಕೊಂಡು, ವಾಸ್ತುಶಿಲ್ಪಿ ಪುಚ್ ಇ ಕಡಫಾಲ್ಕ್ ಅವರಿಗೆ ಒಪ್ಪಿಸಿದರು. 1898ರಿಂದ 1900ರ ನಡುವೆ ಅದು ಹೊಸ ಹುಟ್ಟು ಪಡೆಯಿತು. ಕೆಳಗೆ ಮಧ್ಯಯುಗದ ಕತಲಾನ್ ಗಾಥಿಕ್ ಅರಮನೆಗಳ ಬಾಗಿಲು, ಕಿಟಕಿಗಳು. ಮೇಲೆ ಫ್ಲಾಂಡರ್ಸ್, ನೆದರ್ಲೆಂಡ್ಸ್‌ಗಳ ಮನೆಗಳನ್ನು ನೆನಪಿಸುವ, ಮಿರುಗುವ ಹೆಂಚು ಹೊದ್ದ ಮೆಟ್ಟಿಲು ಮೆಟ್ಟಿಲಿನ ಶಿಖರ. ನಡುವಿನ ಗೋಡೆಯ ಚಿತ್ತಾರವನ್ನು ಬಣ್ಣದಿಂದ ಬರೆದುದಲ್ಲ, ಒಂದರ ಮೇಲೊಂದು ಬೇರೆ ಬೇರೆ ಬಣ್ಣದ ಗಾರೆ ಬಳಿದು ಮೇಲಿನ ಪದರವನ್ನು ಹಸಿಯಿರುವಾಗಲೇ ಕೆರೆದು ತೆಗೆದದ್ದು.

ನಾನು ಹೆಚ್ಚು ಹೊತ್ತು ನಿಂತದ್ದು ಶಿಲ್ಪಗಳ ಮುಂದೆ. ಬಾಗಿಲ ಬಳಿ ಶಿಲ್ಪಿ ಎಉಸೆಬಿ ಅರ್ನಾವು ಕೆತ್ತಿದ ಸಂತ ಜಾರ್ಜ್ ಡ್ರ್ಯಾಗನ್ನನ್ನು ಇರಿಯುತ್ತಿದ್ದಾನೆ; ಅದು ಗಂಭೀರ ಶಿಲ್ಪ. ಕಿಟಕಿಗಳ ಬಳಿಗೆ ಬಂದರೆ ನಗು ತಡೆಯಲಾಗದು: ಕಪ್ಪೆ ಗಾಜು ಊದುತ್ತದೆ, ಕೋತಿ ಕಬ್ಬಿಣ ಬಡಿಯುತ್ತದೆ, ಇನ್ನೊಂದು ಪ್ರಾಣಿ ಕ್ಯಾಮೆರಾ ಹಿಡಿದಿದೆ. ಅಮಟ್ಲೆರ್ ಪ್ರಾಚೀನ ಗಾಜಿನ ಪಾತ್ರೆಗಳ ಸಂಗ್ರಾಹಕರೂ ಛಾಯಾಗ್ರಹಣದ ಹುಚ್ಚಿದ್ದವರೂ ಆಗಿದ್ದರೆಂಬುದು ತಿಳಿದಾಗ ಈ ತಮಾಷೆಯ ಅರ್ಥ ಬಿಚ್ಚಿಕೊಳ್ಳುತ್ತದೆ. ಅವರ ಹೆಸರಿಗೆ ಕತಲಾನ್ ಭಾಷೆಯ ಬಾದಾಮಿ ಮರದ ಹೆಸರು ಹತ್ತಿರವಾದ್ದರಿಂದ, ‘ಅ’ ಕಾರದ ರೋಮನ್ ಅಕ್ಷರವನ್ನು ಬಾದಾಮಿ ಕೊಂಬೆಗಳು ಸುತ್ತಿಕೊಂಡಿವೆ.

ಒಡೆಯರು ವಾಸವಿದ್ದ ಮೊದಲ ಮಹಡಿಯನ್ನು 2015ರಿಂದ ಸಾರ್ವಜನಿಕರು ನೋಡಬಹುದು. ಮಗಳು ತೆರೇಸಾ 1941ರಲ್ಲಿ ಕಲಾ ಸಂಶೋಧನಾ ಸಂಸ್ಥೆಯೊಂದನ್ನು ಸ್ಥಾಪಿಸಿ ಮನೆಯನ್ನು ಉಳಿಸಿದ್ದರಿಂದ ಪೀಠೋಪಕರಣಗಳು ಅಲ್ಲಿಯೇ ಇವೆ. ಬರಿಗೋಡೆ ತೋರಿಸಿ ಕಲ್ಪನೆಗೆ ಬಿಡುವ ಐತಿಹಾಸಿಕ ಮನೆಗಳ ನಡುವೆ ಇದು ಅಪರೂಪ. ಕೊರತೆಯೂ ಇದೆ. ಬೀದಿಯಿಂದ ಹಿತ್ತಿಲಿನವರೆಗೆ ಉದ್ದಕ್ಕೆ ಹಬ್ಬಿದ ನಿವೇಶನವಾದ್ದರಿಂದ ನಡುವಿನ ಕೋಣೆಗಳು ಮಂಕಾಗಿವೆ, ಅಲ್ಲಿನ ಮರಗೆಲಸದ ಸೊಬಗು ಪೂರ್ತಿ ಕಾಣುವುದಿಲ್ಲ. ಮೆಟ್ಟಿಲಿನ ಮೇಲಿರುವ ಬಣ್ಣದ ಗಾಜಿನ ಬೆಳಕಿಂಡಿ ಮಾತ್ರ ಈ ಮಾತಿಗೆ ಅಪವಾದ.

ಮನೆಯ ಮುಂಭಾಗಕ್ಕೆ ಬೆಳಗಿನ ಬಿಸಿಲು ಬೀಳುವುದರಿಂದ ಆ ಹೊತ್ತಿಗೇ ಹೋಗಿ, ಮೊದಲು ಎದುರಿನ ಕಾಲುದಾರಿಯಲ್ಲಿ ನಿಂತು ನೋಡುವುದು ಒಳ್ಳೆಯದು. ಬಾಟ್ಯೊದ ಅಲೆಯಂಥ ಛಾವಣಿ ಈ ಮನೆಯ ಕಡೆಗೆ ಬರುತ್ತ ತಗ್ಗಿ, ಮೆಟ್ಟಿಲು ಶಿಖರವನ್ನು ಮರೆಮಾಡದೆ ಪುಟ್ಟದೊಂದು ತಾರಸಿಯಲ್ಲಿ ನಿಲ್ಲುವುದು ಅಲ್ಲಿಂದ ಮಾತ್ರ ಸ್ಪಷ್ಟವಾಗಿ ಕಾಣುತ್ತದೆ.