ಮೇವಿಗೆ ಮುಸುಕಿನ ಜೋಳವೋ, ಅಲಸಂದೆಯೋ?

ಮಡಿಕೇರಿ ಕಡೆ ಭತ್ತದ ಕೊಯ್ಲು ಮುಗಿದ ಮೇಲೆ ಮೇವಿಗೆ ಯಾವುದು ಹಾಕಲಿ ಅಂತ ಕೇಳಿದ್ದೀರಿ. ನಾನಾದರೆ ಮೊದಲು ಎಲೆಯೊಳಗಿನ ಕಿಣ್ವ, ಅಂದರೆ ರಾಸಾಯನಿಕ ಕ್ರಿಯೆ ನಡೆಸುವ ಪ್ರೋಟೀನ್, ನೋಡುತ್ತೇನೆ.

ಅಲಸಂದೆಯಲ್ಲಿ ಗಾಳಿಯ ಇಂಗಾಲ ಹಿಡಿಯುವುದು ರುಬಿಸ್ಕೋ. 8 ದೊಡ್ಡ, 8 ಸಣ್ಣ ಪ್ರೋಟೀನ್ ತುಂಡುಗಳು ಸೇರಿದ ಕಿಣ್ವ. ಇಂಗಾಲದ ಡೈಆಕ್ಸೈಡ್ ಕೂರಬೇಕಾದ ಜಾಗಕ್ಕೆ ಆಮ್ಲಜನಕವೂ ನುಗ್ಗಿ, ಹಿಡಿದ ಇಂಗಾಲ ಸ್ವಲ್ಪ ಪೋಲಾಗುತ್ತದೆ. ಬಿಸಿಲು ಏರಿದಷ್ಟೂ ಈ ನಷ್ಟ ಜಾಸ್ತಿ.

ಮುಸುಕಿನ ಜೋಳದಲ್ಲಿ ಇಂಗಾಲವನ್ನು ಮೊದಲು ಹಿಡಿಯುವುದು ಪೆಪ್ ಕಾರ್ಬಾಕ್ಸಿಲೇಸ್ ಎಂಬ ಬೇರೆ ಕಿಣ್ವ. ಅದು ಆಮ್ಲಜನಕವನ್ನು ಮುಟ್ಟುವುದೇ ಇಲ್ಲ. ಹಿಡಿದ ಇಂಗಾಲ ಒಳಗಿನ ಕೋಶಗಳಲ್ಲಿ ರುಬಿಸ್ಕೋ ಸುತ್ತ ದಟ್ಟವಾಗಿ ತುಂಬುತ್ತದೆ. ನೀರಿನ ಬಳಕೆಯಲ್ಲೂ ಉಳಿತಾಯ. ಆದರೆ ಹಿಡಿದ ಪ್ರತಿ ಇಂಗಾಲದ ಡೈಆಕ್ಸೈಡ್ ಅಣುವಿಗೆ 2 ಎಟಿಪಿ (ಬೆಳಕಿನಿಂದ ಎಲೆ ತಯಾರಿಸುವ ಶಕ್ತಿಯ ಅಣು) ಹೆಚ್ಚುವರಿ ಖರ್ಚು. ನೆರಳಲ್ಲಿ ಅದು ದುಬಾರಿ, ಅಲ್ವಾ?

ಮಾರ್ಚ್ ಬಿಸಿಲಿನ ಬಯಲು ಗದ್ದೆಗೆ ಜೋಳ ಹಾಕಿ. ಸಿಲ್ವರ್ ಓಕ್ ನೆರಳು ಬೀಳುವ ತೋಟದಂಚಿಗೆ ಅಲಸಂದೆ ವಾಸಿ. ಮಣ್ಣಿಗೆ ಸಾರಜನಕವೂ ಸಿಗುತ್ತದೆ.