ಚಾಸಿ ಒಬ್ಬರದು, ಮನೆ ಇನ್ನೊಬ್ಬರದು: ಅಮೆರಿಕದ ರಸ್ತೆಗಳಲ್ಲಿ ಮೋಟಾರ್‌ಹೋಮ್ ಕೆಟ್ಟಾಗ

ಟೆಕ್ಸಾಸ್‌ನಲ್ಲಿ ನೆಲೆಸಿರುವ ನಾನೂ ನನ್ನ ಪತ್ನಿಯೂ 2021ರ ಮಾದರಿಯ ಸಿ ದರ್ಜೆಯ (ವ್ಯಾನಿನ ಚಾಸಿಯ ಮೇಲೆ ಮನೆ ಕಟ್ಟಿದ) ಮೋಟಾರ್‌ಹೋಮ್ ಒಂದನ್ನು ಹೊಸದಾಗಿ ಕೊಂಡು, ನ್ಯೂ ಮೆಕ್ಸಿಕೊ, ಅರಿಜೋನಾ, ಯೂಟಾ ಮತ್ತು ಕ್ಯಾಲಿಫೋರ್ನಿಯಾಗಳಲ್ಲಿ ಕೆಲವು ವರ್ಷಗಳಿಂದ ಅದರಲ್ಲೇ ಪ್ರವಾಸ ಮಾಡುತ್ತಿದ್ದೇವೆ. ಹಾಸಿಗೆ, ಅಡುಗೆಕಟ್ಟೆ, ಸ್ನಾನದ ಮನೆ ಇವುಗಳ ಬಗ್ಗೆ ಮಾರುವವರೇ ಸಾಕಷ್ಟು ಹೇಳುತ್ತಾರೆ. ಮನೆಯಿಂದ ಸಾವಿರ ಮೈಲಿ ದೂರದಲ್ಲಿ ಈ ವಾಹನ ಕೆಟ್ಟರೆ ಅದನ್ನು ಯಾರು ಸರಿಪಡಿಸುತ್ತಾರೆ, ಬಿಡಿಭಾಗ ಎಲ್ಲಿಂದ ಬರುತ್ತದೆ, ಕೊಟ್ಟ ಹಣ ಯಾವ ದಾರಿಯಲ್ಲಿ ವಾಪಸು ಬರುತ್ತದೆ ಎಂಬುದನ್ನು ಮಾತ್ರ ಅವರು ಹೇಳುವುದಿಲ್ಲ. ಈ ವಿಮರ್ಶೆ ಅಷ್ಟಕ್ಕೇ ಸೀಮಿತ. ವಾಹನಕ್ಕೆ ನಾನು ಐದರಲ್ಲಿ ಮೂರು ಅಂಕ ಕೊಡುತ್ತೇನೆ. ಮಾರಾಟವಾದ ಮೇಲಿನ ಸೇವೆಗೆ ಒಂದಕ್ಕಿಂತ ಹೆಚ್ಚು ಕೊಡಲು ನನ್ನ ಮನಸ್ಸು ಒಪ್ಪುವುದಿಲ್ಲ.

ಮೊದಲು ತಿಳಿಯಬೇಕಾದದ್ದು, ಮೋಟಾರ್‌ಹೋಮ್ ಎಂಬುದು ಒಬ್ಬರೇ ತಯಾರಿಸಿದ ವಸ್ತುವಲ್ಲ. ನಮ್ಮ ವಾಹನದ ಚಾಸಿ, ಅಂದರೆ ಚಕ್ರಗಳ ಮೇಲಿನ ಕೆಳ ಚೌಕಟ್ಟು, ಮತ್ತು ಎಂಜಿನ್ ಫೋರ್ಡ್ ಕಂಪನಿಯ ಇ-450 ಮಾದರಿಯವು. ಅದರ ಮೇಲೆ ಮನೆಯನ್ನು ಕಟ್ಟಿದವರು ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಸುತ್ತಮುತ್ತಲಿನ ತಯಾರಕರಲ್ಲಿ ಒಬ್ಬರು. ಈ ದೇಶದ ಬಹುಪಾಲು ಮೋಟಾರ್‌ಹೋಮ್ ಮತ್ತು ಟ್ರೇಲರ್‌ಗಳು ಹುಟ್ಟುವುದು ಅದೇ ಪ್ರದೇಶದಲ್ಲಿ. ಆ ಮನೆಯೊಳಗಿನ ಫ್ರಿಜ್, ಕೋಣೆ ಬೆಚ್ಚಗಿಡುವ ಫರ್ನೇಸ್, ನೀರು ಕಾಯಿಸುವ ಹೀಟರ್, ಜನರೇಟರ್, ಪಕ್ಕಕ್ಕೆ ಹೊರಚಾಚುವ ಸ್ಲೈಡ್‌ಔಟ್ ಕೋಣೆಯ ಮೋಟಾರು ಒಂದೊಂದೂ ಬೇರೆ ಬೇರೆ ಕಂಪನಿಯವು, ಒಂದೊಂದಕ್ಕೂ ಬೇರೆ ವಾರಂಟಿ ಪುಸ್ತಿಕೆ. ಚಾಸಿಗೆ ಮೂರು ವರ್ಷ, ಎಂಜಿನ್ ಮತ್ತು ಗೇರ್‌ಬಾಕ್ಸ್‌ಗೆ ಐದು ವರ್ಷದ ವಾರಂಟಿ ಇದ್ದರೆ, ಮೇಲಿನ ಮನೆಗೆ ನಮಗೆ ಸಿಕ್ಕಿದ್ದು ಒಂದೇ ವರ್ಷ. ಕೊಳ್ಳುವ ದಿನ ಒಂದೇ ಬಿಲ್ಲಿಗೆ ಸಹಿ ಹಾಕಿದ ಗ್ರಾಹಕ, ಕೆಟ್ಟ ದಿನ ಇಷ್ಟು ಜನರ ನಡುವೆ ತನ್ನ ದೂರಿನ ಒಡೆಯ ಯಾರು ಎಂದು ಹುಡುಕಬೇಕಾಗುತ್ತದೆ.

ಚಾಸಿಯ ಬಗ್ಗೆ ನನಗೆ ದೂರಿಲ್ಲ. ಆದರೆ ಎಣ್ಣೆ ಬದಲಿಸುವಂಥ ಸಣ್ಣ ಕೆಲಸಕ್ಕೂ ಊರಿನ ಸಾಮಾನ್ಯ ಕಾರು ಡೀಲರ್‌ ಬಳಿ ಹೋಗಿ ಪ್ರಯೋಜನವಿಲ್ಲ ಎಂಬುದನ್ನು ಗಮನಿಸಬೇಕು. ಒಟ್ಟು 14,500 ಪೌಂಡ್ ತೂಕದವರೆಗೆ ಹೊರಲು ಯೋಗ್ಯವಾದ ಈ ಚಾಸಿಯನ್ನು ಎತ್ತುವ ಲಿಫ್ಟ್ ಅವರಲ್ಲಿ ಹೆಚ್ಚಾಗಿ ಇರುವುದಿಲ್ಲ, ಹನ್ನೊಂದು ಅಡಿ ಎತ್ತರದ ವಾಹನ ಅವರ ಬಾಗಿಲಿನಲ್ಲಿ ಹಿಡಿಸುವುದೂ ಇಲ್ಲ. ವಾಣಿಜ್ಯ ಟ್ರಕ್‌ಗಳ ಸರ್ವಿಸ್ ಸೆಂಟರ್ ಹುಡುಕಿಕೊಂಡು ಹೋಗಬೇಕು. ಅಲ್ಲಿನವರು ಎಂಜಿನ್ ನೋಡುತ್ತಾರೆ, ಮನೆಯ ಭಾಗವನ್ನು ಮುಟ್ಟುವುದಿಲ್ಲ. ಮೋಟಾರ್‌ಹೋಮ್ ಡೀಲರ್ ಮನೆಯ ಭಾಗ ನೋಡುತ್ತಾರೆ, ಎಂಜಿನ್ ಮುಟ್ಟುವುದಿಲ್ಲ. ಚಾಸಿಯ ಬ್ಯಾಟರಿಗೂ ಮನೆಯ ಬ್ಯಾಟರಿಗೂ ನಡುವೆ ಇರುವ ರಿಲೇ ಎಂಬ ವಿದ್ಯುತ್ ಸ್ವಿಚ್ ಕೆಟ್ಟರೆ ಅದು ತಮ್ಮದಲ್ಲ ಎಂದು ಇಬ್ಬರೂ ಹೇಳುತ್ತಾರೆ; ನಮಗೆ ಇಬ್ಬರೂ ಹಾಗೆಯೇ ಹೇಳಿದರು.

ಇದಕ್ಕಿಂತ ಹೆಚ್ಚು ನೋವು ಕೊಟ್ಟದ್ದು ಡೀಲರ್‌ಗಳ ಸರತಿಯ ಪದ್ಧತಿ. ತಯಾರಕರ ವಾರಂಟಿ ಪುಸ್ತಿಕೆಯಲ್ಲಿ ದೇಶದ ಯಾವುದೇ ಅಧಿಕೃತ ಡೀಲರ್ ದುರಸ್ತಿ ಮಾಡಿಕೊಡಬಹುದು ಎಂದು ಬರೆದಿದ್ದರೂ, ತಮ್ಮಲ್ಲಿ ವಾಹನ ಕೊಂಡವರ ಕೆಲಸ ಮುಗಿದ ಮೇಲಷ್ಟೇ ಹೊರಗಿನವರದು ಎಂದು ಹಲವು ಡೀಲರ್‌ಗಳು ನೇರವಾಗಿಯೇ ಹೇಳುತ್ತಾರೆ. ವಾರಂಟಿ ಕೆಲಸಕ್ಕೆ ತಯಾರಕರು ಕೊಡುವ ಕೂಲಿ ಕಡಿಮೆ, ಅದೂ ತಡವಾಗಿ ಬರುತ್ತದೆ ಎಂಬುದು ಅವರ ಸಮಜಾಯಿಷಿ. ಅದು ಅವರಿಬ್ಬರ ನಡುವಿನ ಲೆಕ್ಕ. ಅದರ ಭಾರವನ್ನು ದಾರಿಯಲ್ಲಿ ನಿಂತ ಪ್ರಯಾಣಿಕನ ಮೇಲೆ ಹೊರಿಸುವುದನ್ನು ನಾನು ನ್ಯಾಯವೆಂದು ಒಪ್ಪಲಾರೆ. ಡೀಲರ್ ಫೋಟೊ ತೆಗೆದು ಕಳಿಸಬೇಕು, ತಯಾರಕರು ಒಪ್ಪಿಗೆ ಕೊಡಬೇಕು, ಆಮೇಲೆ ಬಿಡಿಭಾಗಕ್ಕೆ ಆರ್ಡರ್ ಹೋಗಬೇಕು, ಅದು ಬಂದ ಮೇಲೆ ಮತ್ತೆ ಸರತಿ. ಈ ಕ್ರಮ ಮನೆಯಲ್ಲಿ ವಾಹನ ನಿಲ್ಲಿಸಿಕೊಂಡವರಿಗೆ ಸರಿಹೋಗಬಹುದು. ವಾಹನವೇ ಮನೆಯಾಗಿರುವಾಗ ಅದನ್ನು ಡೀಲರ್‌ ಅಂಗಳದಲ್ಲಿ ಬಿಟ್ಟು ಹೋಟೆಲಿನ ಬಾಡಿಗೆ ಕಟ್ಟಬೇಕಾಗುತ್ತದೆ, ಆ ಬಾಡಿಗೆ ಯಾವ ವಾರಂಟಿಯಲ್ಲೂ ಸುಲಭವಾಗಿ ಸೇರುವುದಿಲ್ಲ.

ನಮ್ಮ ಮೊದಲ ದೊಡ್ಡ ಪರೀಕ್ಷೆ ಫ್ರಿಜ್. ಮೋಟಾರ್‌ಹೋಮ್‌ಗಳ ಹಳೆಯ ಬಗೆಯ ಅಬ್ಸಾರ್ಪ್ಷನ್ ಫ್ರಿಜ್‌ಗೆ ಕಂಪ್ರೆಸರ್ ಇರುವುದಿಲ್ಲ. ಅಮೋನಿಯಾ, ನೀರು ಮತ್ತು ಹೈಡ್ರೋಜನ್ ತುಂಬಿದ ಮುಚ್ಚಿದ ಕೊಳವೆಗಳನ್ನು ಪ್ರೊಪೇನ್ ಜ್ವಾಲೆಯಿಂದಲೋ ವಿದ್ಯುತ್ತಿನಿಂದಲೋ ಕಾಯಿಸಿ ತಂಪು ಪಡೆಯುವ ವ್ಯವಸ್ಥೆ ಅದು. ವಾಹನ ಸಮತಟ್ಟಾಗಿ ನಿಂತಿರಬೇಕು, ಎತ್ತರದ ಪ್ರದೇಶದಲ್ಲಿ ಗಾಳಿ ತೆಳುವಾದಾಗ ಜ್ವಾಲೆ ಸರಿಯಾಗಿ ಉರಿಯದೆ ತೊಂದರೆ ಕೊಡುವುದೂ ಉಂಟು. ಸುಮಾರು 2,100 ಮೀಟರ್ ಎತ್ತರದಲ್ಲಿರುವ ಅರಿಜೋನಾದ ಫ್ಲ್ಯಾಗ್‌ಸ್ಟಾಫ್‌ನಲ್ಲಿ ನಮ್ಮ ಫ್ರಿಜ್ ನಿಂತಾಗ, ಮೊದಲು ನೋಡಿದ ಮೆಕ್ಯಾನಿಕ್ ಎತ್ತರವೇ ಕಾರಣವೆಂದು ಹೇಳಿ ತಪಾಸಣೆಯ ಶುಲ್ಕ ಪಡೆದು ಹೊರಟರು. ವಿದ್ಯುತ್ ಜೋಡಿಸಿದರೂ ಫ್ರಿಜ್ ನಡೆಯುತ್ತಿರಲಿಲ್ಲ ಎಂಬುದನ್ನು ಅವರು ಪರೀಕ್ಷಿಸಲೇ ಇಲ್ಲ. ಎರಡನೆಯವರು ಬಂದು, ಹಿಂಬದಿಯ ಕೊಳವೆಗಳಲ್ಲಿ ಅಮೋನಿಯಾ ಸೋರಿಕೆಯ ಹಳದಿ ಕಲೆ ಇಲ್ಲವೆಂದು ಖಚಿತಪಡಿಸಿಕೊಂಡು, ಫ್ರಿಜ್ಜನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಕಂಟ್ರೋಲ್ ಬೋರ್ಡ್ ಸುಟ್ಟಿದೆ ಎಂದು ತೋರಿಸಿದರು. ಮೊದಲನೆಯವರಿಂದ ಶುಲ್ಕ ವಾಪಸು ಬರಲಿಲ್ಲ. ತಪಾಸಣೆ ತಪ್ಪಾಗಿದ್ದರೂ ತಪಾಸಣೆ ನಡೆದಿದೆ ಎಂಬುದು ಅವರ ವಾದವಾಗಿತ್ತು.

ಬೋರ್ಡನ್ನು ಆನ್‌ಲೈನ್ ಅಂಗಡಿಯೊಂದರಲ್ಲಿ ಕೊಂಡೆವು. ದಾಸ್ತಾನಿದೆ ಎಂದು ಬರೆದಿದ್ದ ವಸ್ತು, ಕಾರ್ಡಿನಿಂದ ಹಣ ಕಡಿತವಾದ ಮರುದಿನವೇ ದಾಸ್ತಾನಿಲ್ಲದ್ದಾಯಿತು. ಇಂಥ ಸಂದರ್ಭಕ್ಕೆ ಅಮೆರಿಕದ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್‌ನ ಸ್ಪಷ್ಟ ನಿಯಮವಿದೆ: ಮಾರಾಟಗಾರ ತಾನು ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲದಿದ್ದರೆ 30 ದಿನಗಳೊಳಗೆ, ವಸ್ತುವನ್ನು ರವಾನಿಸಬೇಕು, ಆಗದಿದ್ದರೆ ಗ್ರಾಹಕನಿಗೆ ತಿಳಿಸಿ, ವಿಳಂಬಕ್ಕೆ ಒಪ್ಪುವ ಅಥವಾ ಆರ್ಡರ್ ರದ್ದುಮಾಡಿ ಪೂರ್ತಿ ಹಣ ಪಡೆಯುವ ಆಯ್ಕೆ ಕೊಡಬೇಕು. ಅಂಗಡಿಯವರು ಹಣದ ಬದಲು ತಮ್ಮಲ್ಲೇ ಖರ್ಚು ಮಾಡಬಹುದಾದ ಕ್ರೆಡಿಟ್ ಕೊಡಲು ಬಂದರು. ನಿಯಮವನ್ನು ಉಲ್ಲೇಖಿಸಿ ಇಮೇಲ್ ಬರೆದ ಮೇಲೆ ಹಣ ಬಂತು. ಇನ್ನೊಂದು ಅಂಗಡಿಯಿಂದ ಬಂದ ಬೋರ್ಡ್ ನಮ್ಮ ಫ್ರಿಜ್ಜಿನ ಸೀರಿಯಲ್ ಸಂಖ್ಯೆಗೆ ಹೊಂದದ ಆವೃತ್ತಿಯದಾಗಿತ್ತು. ಪೊಟ್ಟಣ ತೆರೆದ ವಿದ್ಯುತ್ ಭಾಗಗಳನ್ನು ವಾಪಸು ಪಡೆಯುವುದಿಲ್ಲ ಎಂಬ ಸಾಲು ಅವರ ಷರತ್ತುಗಳ ಕೊನೆಯಲ್ಲಿತ್ತು. ತೆರೆಯದೆ ಆವೃತ್ತಿ ಯಾವುದೆಂದು ಕಾಣುವಂತಿರಲಿಲ್ಲ. ಸಂಖ್ಯೆಯನ್ನು ನಾವು ಆರ್ಡರಿನಲ್ಲೇ ಬರೆದಿದ್ದೆವು ಎಂದು ತೋರಿಸಿದ ನಂತರ, ವಸ್ತುವನ್ನು ಮತ್ತೆ ದಾಸ್ತಾನಿಗೆ ಸೇರಿಸುವ ಶುಲ್ಕವೆಂದು ಸ್ವಲ್ಪ ಹಿಡಿದುಕೊಂಡು ಉಳಿದದ್ದನ್ನು ಮರಳಿಸಿದರು.

ವಿಳಾಸದ ತೊಡಕು ಇದಕ್ಕೆ ಸೇರಿಕೊಳ್ಳುತ್ತದೆ. ಭಾಗ ಬರುವ ಹೊತ್ತಿಗೆ ನಾವು ಎಲ್ಲಿರುತ್ತೇವೆ ಎಂದು ನಮಗೇ ಗೊತ್ತಿರುವುದಿಲ್ಲ. ಅಮೆರಿಕದ ಅಂಚೆ ಇಲಾಖೆಯಲ್ಲಿ ಜನರಲ್ ಡೆಲಿವರಿ ಎಂಬ ಸೌಲಭ್ಯವಿದೆ. ಊರಿನ ಅಂಚೆ ಕಚೇರಿಯೇ ಪೊಟ್ಟಣವನ್ನು 30 ದಿನಗಳವರೆಗೆ ಇಟ್ಟುಕೊಂಡು, ಗುರುತಿನ ಚೀಟಿ ತೋರಿಸಿದರೆ ಕೊಡುತ್ತದೆ. ಪ್ರಯಾಣಿಕರಿಗೆ ಇದಕ್ಕಿಂತ ಉಪಕಾರದ ಸೇವೆ ನಾನು ಕಂಡಿಲ್ಲ. ಆದರೆ ಖಾಸಗಿ ಕೊರಿಯರ್‌ಗಳು ಆ ವಿಳಾಸಕ್ಕೆ ತಲುಪಿಸುವುದಿಲ್ಲವಾದ್ದರಿಂದ, ಅಂಗಡಿಯವರು ಅಂಚೆಯಲ್ಲೇ ಕಳಿಸುತ್ತಾರೆಯೇ ಎಂದು ಹಣ ಕಟ್ಟುವ ಮೊದಲೇ ಕೇಳಿ ಬರಹದಲ್ಲಿ ಪಡೆಯಬೇಕು.

ಎರಡನೆಯ ಪ್ರಸಂಗ ಸ್ಲೈಡ್‌ಔಟ್‌ನದು. ಹೊರಚಾಚಿದ ಕೋಣೆ ಒಳಗೆ ಬರದಿದ್ದರೆ ವಾಹನವನ್ನು ರಸ್ತೆಗೆ ಇಳಿಸುವಂತಿಲ್ಲ. ನ್ಯೂ ಮೆಕ್ಸಿಕೊದ ಒಂದು ಗ್ಯಾರೇಜಿನವರು ಮೋಟಾರು ಬದಲಿಸಿ, ಗಣನೀಯ ಮೊತ್ತ ಪಡೆದು, ಕೆಲಸಕ್ಕೆ 90 ದಿನಗಳ ಖಾತರಿಯನ್ನೂ ಬಿಲ್ಲಿನಲ್ಲಿ ಬರೆದುಕೊಟ್ಟರು. ಯೂಟಾಕ್ಕೆ ಹೋಗುವಷ್ಟರಲ್ಲಿ ಅದೇ ಕೋಣೆ ಅದೇ ರೀತಿ ಸಿಕ್ಕಿಕೊಂಡಿತು. ಅಲ್ಲಿನ ತಂತ್ರಜ್ಞರು ಕೋಣೆ ಜಾರುವ ಹಳಿಯೇ ಓರೆಯಾಗಿದೆ, ಹೊಸ ಮೋಟಾರು ಬೇಕಾಗಿರಲೇ ಇಲ್ಲ ಎಂದು ಬರೆದುಕೊಟ್ಟರು. ಹಣ ಕೇಳಿದಾಗ ಮೊದಲಿನ ಗ್ಯಾರೇಜಿನವರು, ವಾಹನವನ್ನು ತಮ್ಮಲ್ಲಿಗೆ ತಂದರೆ ಮಾತ್ರ ಪರಿಶೀಲಿಸುತ್ತೇವೆ ಎಂದರು. ಕೋಣೆ ಹೊರಗಿರುವ ವಾಹನವನ್ನು ಎರಡು ರಾಜ್ಯ ದಾಟಿಸಿ ತರುವುದು ಹೇಗೆಂಬುದಕ್ಕೆ ಅವರಲ್ಲಿ ಉತ್ತರವಿರಲಿಲ್ಲ.

ಕ್ರೆಡಿಟ್ ಕಾರ್ಡ್ ಬ್ಯಾಂಕಿಗೆ ದೂರು ಕೊಟ್ಟಾಗ ತಿಳಿದ ಸಂಗತಿಯನ್ನು ಪ್ರತಿಯೊಬ್ಬ ಪ್ರಯಾಣಿಕರೂ ತಿಳಿದಿರಬೇಕು. 1974ರ ಫೇರ್ ಕ್ರೆಡಿಟ್ ಬಿಲ್ಲಿಂಗ್ ಕಾಯ್ದೆಯ ಪ್ರಕಾರ, ಹಣ ಕೊಟ್ಟೂ ಬಾರದ ವಸ್ತುವಿನ ಬಗ್ಗೆ ಬಿಲ್ ಬಂದ 60 ದಿನಗಳೊಳಗೆ ಲಿಖಿತವಾಗಿ ತಕರಾರು ಸಲ್ಲಿಸಬಹುದು, ಅದಕ್ಕೆ ಊರಿನ ಮಿತಿಯಿಲ್ಲ. ವಸ್ತು ಅಥವಾ ಕೆಲಸದ ಗುಣಮಟ್ಟ ಕಳಪೆಯೆಂಬ ತಕರಾರಿಗೆ ಮಾತ್ರ ಬೇರೆ ಷರತ್ತುಗಳು: ಮೊತ್ತ 50 ಡಾಲರಿಗಿಂತ ಹೆಚ್ಚಿರಬೇಕು, ಮಾರಾಟಗಾರರೊಡನೆ ಇತ್ಯರ್ಥಕ್ಕೆ ಪ್ರಾಮಾಣಿಕವಾಗಿ ಪ್ರಯತ್ನಿಸಿರಬೇಕು, ಮತ್ತು ವ್ಯವಹಾರ ಗ್ರಾಹಕನ ಸ್ವಂತ ರಾಜ್ಯದಲ್ಲಿ ಇಲ್ಲವೇ ಮನೆಯ ವಿಳಾಸದಿಂದ 100 ಮೈಲಿಯೊಳಗೆ ನಡೆದಿರಬೇಕು. ಈ ಕೊನೆಯ ಷರತ್ತು ಇಡೀ ಪ್ರಯಾಣಿಕ ವರ್ಗವನ್ನೇ ಹೊರಗಿಡುತ್ತದೆ. ಕಳಪೆ ದುರಸ್ತಿಗೆ ಹೆಚ್ಚು ಬಲಿಯಾಗುವವರು ಮತ್ತೆ ಆ ಊರಿಗೆ ಬಾರದ ದಾರಿಹೋಕರೇ, ಕಾನೂನಿನ ಆಸರೆ ಸಿಗದವರೂ ಅವರೇ. ನಮ್ಮ ದೂರನ್ನು ಬ್ಯಾಂಕು ಇದೇ ಕಾರಣದಿಂದ ತಿರಸ್ಕರಿಸಿತು. ಕೆಲವು ಬ್ಯಾಂಕುಗಳು ತಮ್ಮ ಸ್ವಂತ ನಿಯಮದಡಿ ದೂರವನ್ನು ಲೆಕ್ಕಿಸದೆ ಸಹಾಯ ಮಾಡುತ್ತವೆ. ಹೊರಡುವ ಮೊದಲೇ ನಿಮ್ಮ ಬ್ಯಾಂಕನ್ನು ವಿಚಾರಿಸಿ, ದುರಸ್ತಿಯ ಬಿಲ್ಲನ್ನು ಅಂಥ ಕಾರ್ಡಿನಲ್ಲೇ ಕಟ್ಟಿ.

ಡೀಲರ್ ಒತ್ತಾಯದಿಂದ ಕೊಂಡ ವಿಸ್ತೃತ ಸರ್ವಿಸ್ ಕಾಂಟ್ರಾಕ್ಟ್ ಬಗ್ಗೆ ಎರಡು ಮಾತು. ವಾರಂಟಿ ಎಂದು ಅದನ್ನು ಮಾರುತ್ತಾರೆ, ನಿಜವಾಗಿ ಅದು ರಿಪೇರಿಯ ವೆಚ್ಚದ ಬಗ್ಗೆ ಮೂರನೆಯ ಕಂಪನಿಯೊಂದಿಗಿನ ಒಪ್ಪಂದ. ಭಾಗವನ್ನು ಬಿಚ್ಚುವ ಮೊದಲು ಅವರ ಒಪ್ಪಿಗೆ ಬೇಕು. ಬಿಚ್ಚಿ ನೋಡದೆ ಕಾರಣ ತಿಳಿಯದು. ಬಿಚ್ಚಿದ ಮೇಲೆ ಕಾರಣ ಒಪ್ಪಂದದ ಹೊರಗಿದ್ದರೆ ಬಿಚ್ಚಿದ ಕೂಲಿ ನಮ್ಮ ತಲೆಗೆ. ಸೀಲ್‌ಗಳು, ನೀರು ಸೋರಿಕೆ ಮತ್ತು ಅದರಿಂದಾದ ಹಾನಿ ನಮ್ಮ ಒಪ್ಪಂದದಲ್ಲಿ ಸೇರಿರಲಿಲ್ಲ, ಮೋಟಾರ್‌ಹೋಮ್‌ಗೆ ಅತಿ ಹೆಚ್ಚು ಹಾನಿ ಮಾಡುವುದು ಚಾವಣಿಯಿಂದ ಇಳಿಯುವ ನೀರೇ ಆಗಿದ್ದರೂ. ಶನಿವಾರ, ಭಾನುವಾರ ಒಪ್ಪಿಗೆ ಕೊಡುವವರು ಫೋನಿಗೆ ಸಿಗುತ್ತಿರಲಿಲ್ಲ.

ಇವೆಲ್ಲದರ ನಡುವೆ ಸಲೀಸಾಗಿ ನಡೆದದ್ದು ಸರ್ಕಾರಿ ಕ್ಯಾಂಪ್‌ಗ್ರೌಂಡಿನ ಮರುಪಾವತಿ. ಗ್ರ್ಯಾಂಡ್ ಕ್ಯಾನ್ಯನ್‌ನ ದಕ್ಷಿಣ ದಂಡೆಯ ಮೇದರ್ ಕ್ಯಾಂಪ್‌ಗ್ರೌಂಡನ್ನು ಫೆಡರಲ್ ಸರ್ಕಾರದ ಕಾಯ್ದಿರಿಸುವ ತಾಣದಲ್ಲಿ ಗೊತ್ತುಮಾಡಿದ್ದೆವು. ಫ್ರಿಜ್ ಕೆಟ್ಟು ತಡವಾದಾಗ ಮುಂಚಿತವಾಗಿ ರದ್ದುಮಾಡಿದ್ದರಿಂದ 10 ಡಾಲರ್ ಶುಲ್ಕ ಕಳೆದು ಉಳಿದದ್ದೆಲ್ಲ ತಾನಾಗಿ ಮರಳಿತು. ದಾರಿಯಲ್ಲಿದ್ದ, ಮೋಟಾರ್‌ಹೋಮ್ ನಿಲ್ಲಿಸಿ ತಂಗುವ ಖಾಸಗಿ ಪಾರ್ಕಿನವರು ಪೂರ್ತಿ ಮೊತ್ತ ಇಟ್ಟುಕೊಂಡರು. ರಿಪೇರಿಯ ರಸೀದಿ ತೋರಿಸಿದರೂ ಅವರು ಮಣಿಯಲಿಲ್ಲ.

ಕೆಲಸ ಬಲ್ಲವರು ಇಲ್ಲವೆಂದಲ್ಲ. ವಾಹನ ನಿಂತಲ್ಲಿಗೇ ಬರುವ ಸಂಚಾರಿ ತಂತ್ರಜ್ಞರಲ್ಲಿ ಹೆಚ್ಚಿನವರು ನಮಗೆ ಡೀಲರ್‌ಗಳಿಗಿಂತ ಉತ್ತಮ ಸೇವೆ ಕೊಟ್ಟಿದ್ದಾರೆ, ಬಂದುಹೋಗುವ ಶುಲ್ಕವೂ ಗಂಟೆಯ ಕೂಲಿಯೂ ಸೇರಿದರೆ ದುಬಾರಿಯಾದರೂ. ಚಳಿಗಾಲದಲ್ಲಿ ಅರಿಜೋನಾದ ಕ್ವಾರ್ಟ್ಜ್‌ಸೈಟ್ ಎಂಬ ಮರುಭೂಮಿಯ ಸಣ್ಣ ಊರಿನಲ್ಲಿ ಸಾವಿರಾರು ಮೋಟಾರ್‌ಹೋಮ್‌ಗಳು ನೆರೆಯುತ್ತವೆ. ಬಿಡಿಭಾಗ ಮಾರುವವರು, ಸೌರಫಲಕ ಜೋಡಿಸುವವರು, ಫ್ರಿಜ್ ರಿಪೇರಿಯವರು ಎಲ್ಲರೂ ಅಲ್ಲಿಗೆ ಬರುತ್ತಾರೆ. ನಮ್ಮ ಸ್ಲೈಡ್‌ಔಟ್ ಹಳಿಯನ್ನು ನೇರಮಾಡಿ ಶಾಶ್ವತವಾಗಿ ಸರಿಪಡಿಸಿದ್ದು ಅಲ್ಲಿ ಸಿಕ್ಕ ಹಿರಿಯ ತಂತ್ರಜ್ಞರೊಬ್ಬರು. ಅವರು ಹಳೆಯ ಭಾಗಗಳನ್ನು ಕೈಗಿಟ್ಟು, ಏಕೆ ಸವೆದಿದೆ ಎಂದು ವಿವರಿಸಿ, ಬೇರೆಯವರು ಹಾಕಿದ್ದ ಅನಗತ್ಯ ತಂತಿಯನ್ನೂ ತೆಗೆದುಕೊಟ್ಟರು. ಅವರ ಬಗ್ಗೆ ನನಗೆ ಗೌರವವಿದೆ.

ಭಾರತದಿಂದ ತಂದೆತಾಯಿ ಬಂದಾಗ ಮೋಟಾರ್‌ಹೋಮ್ ಬಾಡಿಗೆಗೆ ಪಡೆದು ಅವರಿಗೆ ಗ್ರ್ಯಾಂಡ್ ಕ್ಯಾನ್ಯನ್ ತೋರಿಸುವ ಕನ್ನಡಿಗರು ಇಲ್ಲಿ ಅನೇಕರಿದ್ದಾರೆ. ಅವರು ವಾಹನ ಪಡೆಯುವ ಹೊತ್ತಿನಲ್ಲೇ ಫ್ರಿಜ್ಜನ್ನು ಪ್ರೊಪೇನ್ ಮತ್ತು ವಿದ್ಯುತ್ ಎರಡರಲ್ಲೂ ನಡೆಸಿ ನೋಡಬೇಕು, ಸ್ಲೈಡ್‌ಔಟನ್ನು ಪೂರ್ತಿ ಹೊರಗೆ ಒಳಗೆ ಆಡಿಸಬೇಕು, ಅದು ಸಿಕ್ಕಿಕೊಂಡರೆ ಕೈಯಿಂದ ತಿರುಗಿಸುವ ಹಿಡಿಕೆ ಎಲ್ಲಿದೆ ಎಂದು ಕೇಳಬೇಕು. ನಡುದಾರಿಯಲ್ಲಿ ಕೆಟ್ಟರೆ ಕಳೆದುಹೋದ ದಿನಗಳ ಬಾಡಿಗೆಯನ್ನು ಮರಳಿಸುತ್ತಾರೆಯೇ ಎಂಬ ಪ್ರಶ್ನೆಗೆ ಒಪ್ಪಂದದಲ್ಲಿ ಉತ್ತರವಿಲ್ಲದಿದ್ದರೆ ಬೇರೆ ವಾಹನ ಹುಡುಕುವುದು ಒಳ್ಳೆಯದು. ಹಿರಿಯರ ಔಷಧಿಗಳು, ಇನ್ಸುಲಿನ್ ಮುಂತಾದವು ಫ್ರಿಜ್ಜಿನಲ್ಲಿದ್ದರೆ ಐಸ್ ಪೆಟ್ಟಿಗೆಯೊಂದು ಜೊತೆಯಲ್ಲಿ ಇರಲೇಬೇಕು.

ಸರ್ವಿಸ್ ಕಾಂಟ್ರಾಕ್ಟನ್ನು ನಾವು ಕಳೆದ ವರ್ಷ ರದ್ದುಮಾಡಿದೆವು. ಉಳಿದ ಅವಧಿಗೆ ತಕ್ಕ ಹಣವನ್ನು ಕೊಡಬೇಕೆಂದು ಒಪ್ಪಂದದಲ್ಲೇ ಇದ್ದರೂ ಡೀಲರ್ ಕಂಪನಿಯತ್ತ, ಕಂಪನಿ ಡೀಲರ್‌ನತ್ತ ಬೆರಳು ತೋರಿಸಿದ್ದರಿಂದ, ಇಬ್ಬರಿಗೂ ಸ್ವೀಕೃತಿ ಬರುವ ನೋಂದಾಯಿತ ಅಂಚೆಯಲ್ಲಿ ಓಡೋಮೀಟರಿನ ಫೋಟೊ ಸಹಿತ ಪತ್ರ ಕಳಿಸಬೇಕಾಯಿತು. ವಾಹನದ ಮೇಲೆ ಸಾಲ ಇನ್ನೂ ಇದ್ದುದರಿಂದ ಹಣ ನಮ್ಮ ಕೈಗೆ ಬರದೆ ಸಾಲ ಕೊಟ್ಟ ಬ್ಯಾಂಕಿಗೆ ಹೋಗಿ ಅಸಲಿನಲ್ಲಿ ಕಡಿತವಾಯಿತು. ತಿಂಗಳ ಕಂತು ಅಷ್ಟೇ ಉಳಿಯಿತು.